ದಾರಿ ಬಿಡದ ಬೀಗ

ನನ್ನನ್ನು ಹಿಂದೆ ಹಾಕಿ ಮುಂದೆ ಹೋದವನು ತಿಪಟೂರು ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ! ಅನುಮಾನವೇ ನನ್ನ ಮನೆದೇವರು. ದಬ್ಬೇಘಟ್ಟದ ಬಸ್ಸು ದಿನವೂ ಅರ್ಧ ಗಂಟೆ ತಡವಾಗಿ ಬರುವುದರ ಹಿಂದೆ ಏನೋ ಮಸಲತ್ತಿದೆ ಎಂದು ಡ್ರೈವರನ ಮೇಲೆ ಅರ್ಜಿ ಬರೆದವನು ನಾನು!

ಮಗಳು ಸೌಂದರ್ಯಳಿಗೆ ದಂಡಿನಶಿವರದ ಸಂಬಂಧ ಕೂಡಿಬಂತು. ಮಗಳೂ ಹುಡುಗನನ್ನು ಮೆಚ್ಚಿದ್ದಳು. ಆದರೆ ಚಿಕ್ಕನಾಯಕನಹಳ್ಳಿಯವರೂ ಅದೇ ಹುಡುಗನ ಮೇಲೆ ಕಣ್ಣಿಟ್ಟಿದ್ದಾರೆಂದು ಸುದ್ದಿ! ನಾನು ಸುಮ್ಮನಿರುತ್ತೇನೆಯೇ? ಹೆಂಡತಿ ಗುರುಶಾಂತಮ್ಮನನ್ನು ಕರೆದುಕೊಂಡು ಮಾತುಕತೆಗೆ ಹೊರಟೇಬಿಟ್ಟೆ.

ಹುಡುಗನ ತಂದೆ ರೇವಣಸಿದ್ದಯ್ಯ ಮಿಲಿಟರಿಯಿಂದ ನಿವೃತ್ತರಾದವರು. ತೆಂಗಿನ ತೋಟದಲ್ಲೇ ಮೂರು ಗುಳಿ ತೋಡಿಸಿ ಗಾಲ್ಫ್ ಆಡುತ್ತಿದ್ದರು. ನನ್ನ ಕೈಗೂ ಒಂದು ಕೋಲು ಕೊಟ್ಟರು.

"ಎರಡೇ ರೂಲ್ಸು, ಬಸವರಾಜಪ್ಪನೋರೆ. ಬೇಗ ಹೊಡೀಬೇಕು. ಹಿಂದೆ ಬಂದವ್ರು ಕಾಯ್ತಿದ್ರೆ ಪಕ್ಕಕ್ಕೆ ನಿಂತು ದಾರಿ ಬುಡ್ಬೇಕು."

ಹೊಡೆದೆ. ಚೆಂಡು ಒಂದು ಮಾರು ಹೋಯಿತು. ಹಿಂದೆ ತಿರುಗಿದರೆ, ಸೀರೆಗೆ ಕ್ಯಾನ್ವಾಸ್ ಶೂ ತೊಟ್ಟ ಒಬ್ಬ ಅಜ್ಜಿ ಕೋಲು ಹಿಡಿದು ನಿಂತಿದ್ದಾಳೆ!

"ಯಾರು ಸ್ವಾಮಿ ಅದು?"

"ಮೊದ್ಲು ದಾರಿ ಬುಡಿ, ಆಮೇಲೆ ಪರಿಚಯ" ಎಂದು ರೇವಣಸಿದ್ದಯ್ಯ ಮುಂದೆ ನಡೆದರು. ಹೆಸರು ಮುಚ್ಚಿಡುತ್ತಾರೆ ಎಂದರೆ ಏನರ್ಥ?

"ಚಿಕ್ಕನಾಯಕನಹಳ್ಳಿ ಪಾರ್ಟಿ ಕಣೇ! ನಮ್ಮನ್ನ ದಾಟಿ ಹೋಗಿ ಮಾತು ಮುಗಿಸೋ ಹುನ್ನಾರ!"

"ರೀ, ವಯಸ್ಸಾದೋರು ಬಿಸಿಲಲ್ಲಿ ನಿಂತವ್ರೆ, ಬುಡ್ರೀ."

"ವಯಸ್ಸಾದೋರ್ನ ಕಳ್ಸಿರೋದೇ ಅದಕ್ಕೆ!"

ಆಗ ತೆಂಗಿಗೆ ನುಸಿ ರೋಗ ಬಿದ್ದ ಹೊಸತು. ಮರಮರದ ಬುಡದಲ್ಲೂ ನಿಂತು ಉದುರಿದ ಎಳೆಗಾಯಿ ಹರಳು ಹೆಕ್ಕಿ, ತೊಟ್ಟು ಬಿಡಿಸಿ, ನುಸಿ ಕಚ್ಚಿದೆಯೇ ಎಂದು ಪರೀಕ್ಷಿಸಿದೆ. ಪಂಚೆಯನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಅಜ್ಜಿ ಎಡಕ್ಕೆ ಬಂದರೆ ನಾನೂ ಎಡಕ್ಕೆ, ಬಲಕ್ಕೆ ಬಂದರೆ ನಾನೂ ಬಲಕ್ಕೆ!

ಕೊನೆಗೆ ಅಜ್ಜಿಯ ತಾಳ್ಮೆ ಕೆಟ್ಟಿತು. "ಹುಷಾರಪ್ಪೋ!" ಎಂದು ಕೂಗಿ ಬೀಸಿದಳು.

ಬೇರೆ ಸೀಮೆಯವನಾಗಿದ್ದರೆ ಓಡುತ್ತಿದ್ದ. ನಾನೋ ತೆಂಗಿನ ಮರದಡಿ ಬೆಳೆದವನು! 'ಹುಷಾರ್' ಎಂದರೆ ಕಾಯಿ ಬಿತ್ತೆಂದೇ ಲೆಕ್ಕ. ಬಾಯಿ ತೆರೆದು ಮರದ ತುದಿ ನೋಡುತ್ತ ನಿಂತೆ. ಚೆಂಡು ಹಿಂದಿನಿಂದ ಬಂದು ಮಂಡಿಗೆ ಬಡಿಯಿತು. ಆಗತಾನೇ ನೀರು ಬಿಟ್ಟಿದ್ದ ಪಾತಿಯಲ್ಲಿ ಕುಕ್ಕರಿಸಿದೆ. ಪಂಚೆ, ಪ್ರತಿಷ್ಠೆ ಎರಡೂ ಕೆಸರುಪಾಲು!

ರೇವಣಸಿದ್ದಯ್ಯ ಓಡಿ ಬಂದರು. "ಅವ್ವಾ, ಏನಾಯ್ತು?"

ಅವ್ವ! ಹುಡುಗನ ಅಜ್ಜಿ ಸಿದ್ದಮ್ಮ! ಆ ಮನೆಯಲ್ಲಿ ಅವರ ಮಾತೇ ಕೊನೆ ಎಂದು ಮೊದಲೇ ಕೇಳಿದ್ದೆ.

"ಇವ್ನೇನ್ಲಾ ಹೆಣ್ಣಿನಪ್ಪ?"

ಕೆಸರಿನಲ್ಲೇ ಕೈಮುಗಿದೆ. "ತಪ್ಪಾಯ್ತವ್ವಾ. ನನ್ ಮೇಲಿನ ಸಿಟ್ಟಿಗೆ ನನ್ ಮಗಳ್ನ ಬ್ಯಾಡ ಅನ್ಬೇಡಿ."

"ಹುಡುಗಿ ಏನು ಮಾಡಿದ್ಲು ಪಾಪ? ಸಂಬಂಧ ನಂಗೆ ಒಪ್ಗೆ. ಆದ್ರೆ ಈವಯ್ಯ ಹಿಂಗೆ ತಡ ಮಾಡಿದ್ರೆ ಮುಹೂರ್ತ ಮೀರೋಯ್ತದೆ. ಊರಿಗೆಲ್ಲ ಹತ್ತು ಗಂಟೆ ಅಂದ್ರೆ, ಇವ್ನಿಗೊಬ್ಬನಿಗೆ ಒಂಬತ್ತೂವರೆ ಅನ್ನಿ."

ಗುರುಶಾಂತಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ಆ ಯೋಚ್ನೆ ನಿಮಗ್ಯಾಕವ್ವಾ? ನಾನು ಸಂಸಾರಕ್ಕೆ ಬಂದಾಗಿಂದ್ಲೂ ನಮ್ಮನೆ ಗಡಿಯಾರ ಅರ್ಧ ಗಂಟೆ ಮುಂದೇ ಐತೆ!"

ಮರುದಿನವೇ ಹೋಗಿ ಬಸ್ ಡ್ರೈವರನ ಮೇಲೆ ಕೊಟ್ಟಿದ್ದ ಅರ್ಜಿಯನ್ನು ವಾಪಸು ತೆಗೆದುಕೊಂಡೆ.