ದಿಲೆತ್ತಾಗೆ ಸಿಕ್ಕ ಸೀಟು

ಎಲಿಯೊ ಫ್ರಾಂಜೋನಿಯ ಸೊಂಟ ಹಿಡಿದದ್ದು ಒಂದು ಚಮಚ ಎತ್ತಲು ಹೋಗಿ. ಮಗಳ ಗೋ-ಕಾರ್ಟ್ ಎಂಬ ಪುಟ್ಟ ರೇಸು ಬಂಡಿಯನ್ನು ಇಷ್ಟು ವರ್ಷ ಒಬ್ಬನೇ ವ್ಯಾನಿಗೆ ಏರಿಸಿ ಇಳಿಸಿದ ಸೊಂಟ ಅದು. ಎಂಜಿನ್ನಿಗೆ ಜಗ್ಗಿರಲಿಲ್ಲ, ಟೈರುಗಳಿಗೆ ಜಗ್ಗಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಕಾಫಿ ಕಲಕುವ ಚಮಚ ಅಡುಗೆಮನೆಯ ನೆಲಕ್ಕೆ ಬಿತ್ತು, ಎಲಿಯೊ ಬಗ್ಗಿದ, ಹಾಗೇ ಉಳಿದ. ಮಗಳು ಬಂದು ನೋಡುವಾಗ ಅವನು ತೆರೆಯಲು ಬಾರದ ಮಡಚು ಕುರ್ಚಿಯ ಹಾಗಿದ್ದ.

ದಿಲೆತ್ತಾ ಆಗಲೇ ರೇಸಿನ ಬಿಳಿ ಉಡುಪು ತೊಟ್ಟು, ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಹದಿನಾರರ ಹುಡುಗಿ. ಏಳನೆಯ ವಯಸ್ಸಿನಲ್ಲಿ ತಮ್ಮೂರು ಬೆದಿತ್ಸೋಲೆಯ ಸೂಪರ್ ಮಾರ್ಕೆಟ್ಟಿನ ಹಿಂದಿನ ಕಾರ್ಟ್ ಮೈದಾನದಲ್ಲಿ ಓಣಿಯ ಹುಡುಗರನ್ನೆಲ್ಲ ಹಿಂದೆ ಹಾಕಿದ್ದಳು. ಆಮೇಲೆ ಬ್ರೆಶಾ ಜಿಲ್ಲೆಯ ಹುಡುಗರನ್ನು, ಆಮೇಲೆ ಇಡೀ ಇಟಲಿಯ ಕಾರ್ಟ್ ರೇಸುಗಳಲ್ಲಿ ಒಳ್ಳೊಳ್ಳೆಯವರನ್ನು. ಈಗ ಮುಂದಿನ ಮೆಟ್ಟಿಲು ಫಾರ್ಮುಲಾ ಫೋರ್. ರೆಕ್ಕೆ ಇರುವ, ಒಬ್ಬರೇ ಕೂರುವ ನಿಜವಾದ ರೇಸ್ ಕಾರು. ತೆಸ್ಸಾದ್ರಿ ಎಂಬವನ ತಂಡದಲ್ಲಿ ಒಂದು ಸೀಟು ಖಾಲಿ ಇತ್ತು. ಅದಕ್ಕಾಗಿ ನಾಲ್ವರು ಮಕ್ಕಳನ್ನು ಪೋ ನದಿಯ ಬಯಲಿನ ರೇಸ್ ಸರ್ಕ್ಯೂಟಿಗೆ ಪರೀಕ್ಷೆಗೆ ಕರೆದಿದ್ದ. ಊಟದ ಹೊತ್ತಿಗೆ ಮುಂಚೆ ಅಲ್ಲಿರಬೇಕು, ಇಲ್ಲದವರ ಸರದಿ ಇರುವವರಿಗೆ ಹೋಗುತ್ತದೆ ಎಂದು ಖಡಾಖಂಡಿತವಾಗಿ ತಿಳಿಸಿದ್ದ.

ಊರಿನಲ್ಲಿ ಅವಳಷ್ಟು ವೇಗವಾಗಿ ಓಡಿಸುವವರು ಯಾರೂ ಇರಲಿಲ್ಲ. ಆದರೆ ಅಪ್ಪನ ವ್ಯಾನನ್ನು ರಸ್ತೆಗಿಳಿಸಲು ಹದಿನೆಂಟು ತುಂಬಿರಬೇಕು, ಲೈಸೆನ್ಸ್ ಇರಬೇಕು. ಅಮ್ಮ ಮುಂಜಾನೆಯ ರೈಲಿಗೆ ವೆರೋನಾದ ಕೆಲಸಕ್ಕೆ ಹೋಗಿಯಾಗಿತ್ತು.

"ಅಪ್ಪಾ, ಏಳೋಕಾಗುತ್ತಾ?"

"ಏಳೋದಿರಲಿ, ಬೀಳೋಕೂ ಆಗ್ತಿಲ್ಲ" ಎಂದ ಎಲಿಯೊ ನೆಲ ನೋಡುತ್ತಲೇ. "ಹೋಗಿ ಫೆರ್ಮೊನ್ನ ಕರಿ."

ದಿಲೆತ್ತಾಳ ಎದೆ ಧಸಕ್ಕೆಂದಿತು. ಪಕ್ಕದ ಮನೆಯ ಫೆರ್ಮೊ ಜುಬಾನಿ ಬಸ್ ಚಾಲಕನಾಗಿ ದುಡಿದು ಈಚೆಗೆ ನಿವೃತ್ತನಾದವನು. ಫೆರ್ಮೊ ಎಂದರೆ ನಿಂತವನು ಎಂದೇ ಅರ್ಥ. ಹೆಸರಿಟ್ಟ ತಾಯಿಗೆ ಮುಂದಿನದೆಲ್ಲ ಕಂಡಿತ್ತೋ ಏನೋ. ತನ್ನ ಬಸ್ಸಿನಲ್ಲಿ ನಿಂತ ಮುದುಕಿಗೆ ಕೂಡ ಎಂದೂ ಕಂಬಿ ಹಿಡಿಯಬೇಕಾಗಿ ಬಂದಿಲ್ಲ ಎಂಬುದು ಅವನ ಜೀವಮಾನದ ಹೆಮ್ಮೆ. ಅವನ ಕಾರಿನಲ್ಲಿ ಮುಂದೆ ಮೂರು, ಹಿಂದೆ ಮೂರು, ಒಟ್ಟು ಆರು ಸೀಟು. ಅಷ್ಟೂ ಸೀಟು ಖಾಲಿ ಓಡಿದರೆ ಅವನ ಮನಸ್ಸಿಗೆ ಸಮಾಧಾನವಿರುತ್ತಿರಲಿಲ್ಲ.

ಫೆರ್ಮೊ ಸಂತೋಷದಿಂದಲೇ ಒಪ್ಪಿದ. ಅಂಗಿ ಬದಲಿಸಿದ, ಕನ್ನಡಿಗಳನ್ನು ಒರೆಸಿದ, ನಾಲ್ಕೂ ಚಕ್ರಗಳನ್ನು ಸುತ್ತಿ ಬಂದು ಕಾಲಿನಿಂದ ಒತ್ತಿ ನೋಡಿದ. ದಿಲೆತ್ತಾ ಬಾಗಿಲು ಹಿಡಿದು ನಿಂತು ತುಟಿ ಕಚ್ಚಿಕೊಂಡಳು. ಕಾರು ಓಣಿ ದಾಟುವ ಮುಂಚೆಯೇ ಮೊದಲ ಬಸ್ ತಂಗುದಾಣದಲ್ಲಿ ಅದೇ ಓಣಿಯ ಮುದುಕಿ ಪಿಯೆರಾ ಕಂಡಳು, ಎರಡೂ ಕೈಯಲ್ಲಿ ಮೂರಂತಸ್ತಿನ ಕೇಕು ಹಿಡಿದುಕೊಂಡು. ತಂಗಿಯ ಮೊಮ್ಮಗುವಿನ ನಾಮಕರಣ, ಸರ್ಕ್ಯೂಟಿನ ದಾರಿಯಲ್ಲೇ ಇರುವ ಹಳ್ಳಿಯಲ್ಲಿ. ಫೆರ್ಮೊ ನಿಲ್ಲಿಸಿದ. ದಿಲೆತ್ತಾ ನಡುವಿನ ಸೀಟಿಗೆ ಸರಿದಳು. ಪಿಯೆರಾ ಬಲಗಡೆಯ ಕಿಟಕಿಯ ಪಕ್ಕ ಕೂತು ಕೇಕನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಕೆನೆ ಇನ್ನೂ ಗಟ್ಟಿಯಾಗಿಲ್ಲ ಕಣಪ್ಪಾ, ನೋಡ್ಕೊಂಡು ಹೋಗು" ಎಂದಳು.

ಆಮೇಲೆ ಕಾರು ಹೋದದ್ದು ದೇವರ ಮೂರ್ತಿ ಹೊತ್ತ ಮೆರವಣಿಗೆಯ ಹಾಗೆ. ಕೈಗೆ ಬುಟ್ಟಿ ಸಿಕ್ಕಿಸಿಕೊಂಡ ಸೈಕಲ್ ಅಜ್ಜಿಯೊಬ್ಬಳು ಅವರನ್ನು ದಾಟಿ ಹೋದಳು, ತಿರುಗಿ ಕೂಡ ನೋಡಲಿಲ್ಲ. ಜೋಳದ ಹೊಲಗಳ ನಡುವಿನ ನೇರ ರಸ್ತೆಯಲ್ಲಿ ಎಲ್ಲಿ ಬಸ್ ನಿಲ್ದಾಣದ ಫಲಕ ಕಂಡರೂ ಫೆರ್ಮೊನ ಬಲಗಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಜನ ಇದ್ದರೆ ಎಲ್ಲಿಗೆ ಎಂದು ವಿಚಾರಿಸುತ್ತಿದ್ದ. ಇಲ್ಲದಿದ್ದರೆ ಯಾಕಿಲ್ಲ ಎಂದು ಪಿಯೆರಾಳ ಹತ್ತಿರ ಆಶ್ಚರ್ಯಪಡುತ್ತಿದ್ದ. ದಿಲೆತ್ತಾ ತಾನಿದ್ದಲ್ಲೇ ಇಲ್ಲದ ಪೆಡಲುಗಳನ್ನು ಒತ್ತುತ್ತಿದ್ದಳು, ಇಲ್ಲದ ಸ್ಟೀರಿಂಗನ್ನು ತಿರುಗಿಸುತ್ತಿದ್ದಳು. ಮುಂದಿನ ಪ್ರತಿ ಟ್ರ್ಯಾಕ್ಟರನ್ನು ಎಲ್ಲಿ, ಹೇಗೆ ಹಿಂದೆ ಹಾಕಬಹುದಿತ್ತೆಂದು ಅವಳ ಕಣ್ಣಿಗೆ ಕಾಣುತ್ತಿತ್ತು.

ತೆಸ್ಸಾದ್ರಿಯ ತಂಡದಿಂದ ಫೋನು ಬಂತು. ಎಲ್ಲಿದ್ದೀಯ ಎಂದು ಕೇಳಿದರು. ಹತ್ತಿರದಲ್ಲೇ ಇದ್ದೇನೆ ಎಂದು ಸುಳ್ಳು ಹೇಳಿದಳು. ಉಳಿದ ಮೂವರೂ ಬಂದಾಗಿದೆ, ಒಬ್ಬ ಕಾರಿನಲ್ಲಿ ಕೂತೂ ಆಗಿದೆ ಎಂದು ಆ ಕಡೆಯ ಹೆಂಗಸು ಹೇಳಿದಳು. ಆ ಮೂವರಲ್ಲಿ ಕ್ರೆಮೋನಾದ ದಂತವೈದ್ಯನ ಮಗನಿರುವುದು ದಿಲೆತ್ತಾಗೆ ಗೊತ್ತಿತ್ತು. ಕಾರ್ಟಿನಲ್ಲಿ ಒಮ್ಮೆ ಅವನು ಗೆದ್ದರೆ ಒಮ್ಮೆ ಇವಳು.

"ಫೆರ್ಮೊ ಮಾಮಾ, ಸ್ವಲ್ಪ ಬೇಗ ಹೋಗೋಣ್ವಾ?"

"ನನ್ನ ಸರ್ವೀಸಲ್ಲಿ ಒಬ್ಬರನ್ನೂ ತಡವಾಗಿ ಮುಟ್ಟಿಸಿಲ್ಲ ಮಗಾ" ಎಂದ ಫೆರ್ಮೊ. ಸ್ವಲ್ಪ ಯೋಚಿಸಿ ಸೇರಿಸಿದ, "ಬೇಗನೂ ಮುಟ್ಟಿಸಿಲ್ಲ."

ರೈಲ್ವೆ ಗೇಟು ಬಿದ್ದಿತ್ತು. ಹಿಂದೆ ಒಂದು ಬಸ್ಸು ಬಂದು ನಿಂತಿತು. ಕನ್ನಡಿಯಲ್ಲಿ ನೋಡಿದ ಫೆರ್ಮೊನ ಮುಖ ಅರಳಿತು. ಅದರ ಚಾಲಕ ಅವನ ಹಳೆಯ ಸಹೋದ್ಯೋಗಿ. ಒಂದು ಮಾತು ಆಡಿ ಬರುತ್ತೇನೆ ಎಂದು ಎಂಜಿನ್ ಓಡುತ್ತಿದ್ದಂತೆಯೇ ಇಳಿದು ಹೋದ. ರೈಲು ಹೋಯಿತು. ಗೇಟು ಎದ್ದಿತು. ಫೆರ್ಮೊ ಬಸ್ಸಿನ ಕಿಟಕಿಗೆ ಮೊಣಕೈ ಊರಿ ಯಾರದೋ ಮೊಣಕಾಲಿನ ಆಪರೇಷನ್ ಬಗ್ಗೆ ಕೇಳುತ್ತಿದ್ದ. ಹಿಂದಿನ ಕಾರುಗಳು ಹಾರ್ನ್ ಹೊಡೆಯತೊಡಗಿದವು. ಮುಂದಿನ ರಸ್ತೆ ಖಾಲಿ, ಇಸ್ತ್ರಿ ಮಾಡಿದ ಹಾಗೆ ನೇರ.

ದಿಲೆತ್ತಾಗೆ ಏನಾಯಿತೋ, ಎಡಕ್ಕೆ ಸರಿದು ಚಾಲಕನ ಸೀಟಿನಲ್ಲಿ ಕೂತಳು. ಗೇಟಿನಾಚೆ ದಾಟಿಸಿ ನಿಲ್ಲಿಸುತ್ತೇನೆ, ಅಷ್ಟೇ ಎಂದುಕೊಂಡಳು. ನಿಜ ಹೇಳಬೇಕೆಂದರೆ ಅಲ್ಲಿ ನಿಲ್ಲಿಸುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಪಿಯೆರಾ "ಬೇಡ ಕಣೇ" ಎನ್ನುವಷ್ಟರಲ್ಲಿ ಗೇರು ಹಾಕಿದ್ದಳು.

ಅವಳ ಕಾರ್ಟಿಗೆ ಕ್ಲಚ್ ಪೆಡಲೇ ಇರಲಿಲ್ಲ. ಆರು ಸೀಟಿನ ಮುದಿ ಕಾರು ಕಪ್ಪೆಯಂತೆ ಒಮ್ಮೆ ಮುಂದೆ ನೆಗೆದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕೆಮ್ಮಿ, ಹಳಿಗಿಂತ ಒಂದು ಮಾರು ಹಿಂದೆ ಸತ್ತುನಿಂತಿತು. ಕೇಕಿನ ಮೇಲಂತಸ್ತು ಮುಂದಿನ ಗಾಜಿಗೆ ಹೋಯಿತು. ಉಳಿದೆರಡನ್ನು ಉಳಿಸಲು ಪಿಯೆರಾ ತಟ್ಟೆಯನ್ನು ಎಡಕ್ಕೆ ವಾಲಿಸಿದಳು, ಎಡಕ್ಕೆ ದಿಲೆತ್ತಾ ಇದ್ದಳು.

ಫೆರ್ಮೊ ನಡೆದುಕೊಂಡೇ ಬಂದ. ಓಡುವುದು ಅವನಿಗೆ ಗೊತ್ತಿರಲಿಲ್ಲ. ಹುಡುಗಿಯ ಭುಜದಿಂದ ಇಳಿಯುತ್ತಿದ್ದ ಕೆನೆಯನ್ನು ನೋಡಿದ, ಗಾಜನ್ನು ನೋಡಿದ. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಸರಿ ಮಗಾ, ಸರಿ ಆ ಕಡೆ" ಎಂದ.

ನಾಮಕರಣದ ಮನೆಯ ಮುಂದೆ ಪಿಯೆರಾ ಇಳಿಯಲಿಲ್ಲ. ಈ ಅವತಾರದ ಕೇಕು ಹಿಡಿದು ತಂಗಿಯ ಮುಂದೆ ಹೋಗಲಾರೆ, ಸಂಜೆ ಬರುವಾಗ ಏನಾದರೂ ಕೊಂಡು ಕೊಡುತ್ತೇನೆ, ಈಗ ನಿಮ್ಮ ಜೊತೆಯಲ್ಲೇ ಬರುತ್ತೇನೆ ಎಂದಳು. ದಿಲೆತ್ತಾ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಳು. ಅಳು ಬರುತ್ತಿತ್ತು, ಆದರೆ ಅಳಲು ಇದು ಹೊತ್ತಲ್ಲ ಎಂದು ತಡೆದುಕೊಂಡಳು.

ಸರ್ಕ್ಯೂಟು ತಲುಪಿದಾಗ ಮೂವರ ಓಟವೂ ಮುಗಿದು, ಕಾರಿಗೆ ಹೊದಿಕೆ ಹೊದಿಸುತ್ತಿದ್ದರು. ದಿಲೆತ್ತಾ ಹೆಲ್ಮೆಟ್ಟು ಹಿಡಿದು ಓಡಿದಳು. ತೆಸ್ಸಾದ್ರಿ ತೆಳ್ಳಗಿನ ಮನುಷ್ಯ, ಹಲ್ಲುನೋವಿನವನಂತೆ ಮಾತಾಡುತ್ತಿದ್ದ. ಗಡಿಯಾರ ನೋಡಿದ, ಅವಳ ಭುಜ ನೋಡಿದ. ಇದೇನು ಎಂದು ಕೇಳಿದ. ಕೇಕು ಎಂದಳು. ಅವನು ಕಾರಿನ ಹೊದಿಕೆ ತೆಗೆಯಲು ಕೈ ಮಾಡಿ, ಊಟದ ಗಂಟೆ ಇನ್ನೂ ಹೊಡೆದಿಲ್ಲ, ಬೇಗ ಕೂತುಕೋ ಎಂದುಬಿಟ್ಟ. ಮೆಕ್ಯಾನಿಕ್ ಒಬ್ಬ ಬಟ್ಟೆಯಿಂದ ಅವಳ ಬೆನ್ನು ಒರೆಸಿ, ಬೆರಳು ನೆಕ್ಕಿ, ಬೆಲ್ಟು ಬಿಗಿದ.

ಹೊರಡುವಾಗ ಎಂಜಿನ್ ಒಮ್ಮೆ ಆರಿತು. ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡನೆಯ ಸಲ ಕಾರು ಸರಿಯಾಗಿ ಹೊರಟಿತು. ಬೆಳಗಿನಿಂದ ಕಟ್ಟಿಹಾಕಿದ್ದ ಜೀವ ಆಮೇಲೆ ಬಿಚ್ಚಿಕೊಂಡಿತು. ಮೊದಲ ಸುತ್ತಿನಲ್ಲಿ ಟೈರು ಕಾಯಿಸಿದಳು. ಮುಂದಿನದರಲ್ಲಿ ಕಾರಿನ ವೇಗದ ಅಂಚು ಹುಡುಕಿದಳು. ಅದರಾಚೆ ಏನನ್ನೂ ಯೋಚಿಸಲಿಲ್ಲ, ತಿರುವುಗಳೇ ಅವಳ ಹತ್ತಿರ ಬಂದು ಹೋಗುತ್ತಿದ್ದವು. ಟ್ರ್ಯಾಕಿನ ಪಕ್ಕದ ಗೋಡೆಯ ಬಳಿ ತೆಸ್ಸಾದ್ರಿ ಕೈಕಟ್ಟು ಬಿಚ್ಚಿ ಸಮಯ ತೋರಿಸುವ ಪರದೆಯ ಮೇಲೆ ಬಗ್ಗಿದ. ಪಿಯೆರಾ ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಂಡಳು. ಫೆರ್ಮೊ ಮಾತ್ರ ಈ ಹುಡುಗಿ ಇಷ್ಟು ಆತುರವಾಗಿ ಎಲ್ಲಿಗೆ ಹೋಗಬೇಕು ಎಂದು ಪಕ್ಕದವನನ್ನು ಕೇಳಿದ. ಕೊನೆಯ ಸುತ್ತಿನ ದೊಡ್ಡ ಎಡತಿರುವಿನಲ್ಲಿ ಹಿಂಚಕ್ರ ಜಾರಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ಅವಳು ಆಕ್ಸಿಲರೇಟರಿನಿಂದ ಕಾಲೆತ್ತಿದಳು. ಅಷ್ಟೇ.

ಇಳಿದು ಹೆಲ್ಮೆಟ್ಟು ತೆಗೆದಳು. ಅವಳ ವೇಗ ದಂತವೈದ್ಯನ ಮಗನಿಗಿಂತ ಹೆಚ್ಚೋ ಕಡಿಮೆಯೋ ಯಾರೂ ಹೇಳಲಿಲ್ಲ. ಕಾಯಿರಿ ಎಂದರು. ದಿಲೆತ್ತಾ, ಪಿಯೆರಾ, ಫೆರ್ಮೊ ಮೂವರೂ ತಮ್ಮ ಕಾರಿನ ಹತ್ತಿರ ಕಾದರು. ಪಿಯೆರಾ ಉಳಿದ ಕೇಕನ್ನು ಎಲ್ಲರಿಗೂ ಕೈಯಲ್ಲೇ ಹಂಚಿದಳು. ಫೆರ್ಮೊ ಶೌಚಾಲಯ ಹುಡುಕಿ ಹೋದವನು ಬಹಳ ಹೊತ್ತು ಬರಲೇ ಇಲ್ಲ; ಬಂದವನು ಗಾಜು ಒರೆಸುತ್ತ ನಿಂತ.

ಕೊನೆಗೆ ತೆಸ್ಸಾದ್ರಿ ಬಂದ. ತೋಳಿನ ಮೇಲೆ ತಂಡದ ಕೆಂಪು ಜಾಕೆಟ್ಟು, ಹೊಸದು, ಇನ್ನೂ ಪ್ಲಾಸ್ಟಿಕ್ಕಿನಲ್ಲಿ. ದಿಲೆತ್ತಾ ಎದ್ದು ನಿಂತಳು. ಪಿಯೆರಾ ಅವಳ ಕೈ ಹಿಡಿದುಕೊಂಡಳು, ಬೆರಳುಗಳು ಅಂಟಂಟಾಗಿದ್ದವು.

ತೆಸ್ಸಾದ್ರಿ ಅವಳನ್ನು ದಾಟಿ ಹೋಗಿ ಜಾಕೆಟ್ಟನ್ನು ಫೆರ್ಮೊನ ಕೈಗಿಟ್ಟ.

ತಂಡದ ಲಾರಿ ಓಡಿಸುತ್ತಿದ್ದವನು ಅಂದು ಬೆಳಿಗ್ಗೆ ಬೇರೆ ತಂಡಕ್ಕೆ ಹೋಗಿಬಿಟ್ಟಿದ್ದನಂತೆ. ಅವನು ಹುಚ್ಚನ ಹಾಗೆ ಓಡಿಸುತ್ತಿದ್ದ, ಲಾರಿಯೊಳಗಿನ ರೇಸ್ ಕಾರು ಪ್ರತಿ ಊರಿಗೂ ರೆಕ್ಕೆ ಮುರಿದುಕೊಂಡೇ ಮುಟ್ಟುತ್ತಿತ್ತು ಎಂದು ತೆಸ್ಸಾದ್ರಿ ಬೇಸರದಿಂದ ಹೇಳಿದ. ಫೆರ್ಮೊ ಅವನಿಗೆ ಸಿಕ್ಕಿದ್ದು ಶೌಚಾಲಯದ ಸಾಲಿನಲ್ಲಿ. ಹೆವಿ ಲೈಸೆನ್ಸ್ ಇತ್ತು, ಹೊತ್ತೂ ಇತ್ತು.

"ನಮ್ಮಲ್ಲಿ ಎಲ್ಲರೂ ಅವಸರದೋರೇ" ಎಂದ ತೆಸ್ಸಾದ್ರಿ. "ಒಬ್ಬನಾದ್ರೂ ನಿಧಾನದೋನು ಬೇಕಿತ್ತು."

ಆಮೇಲೆ ದಿಲೆತ್ತಾಳ ಕಡೆ ತಿರುಗಿದ. ಸೀಟು ದಂತವೈದ್ಯನ ಮಗನಿಗೆ. ವ್ಯತ್ಯಾಸ ಕೂದಲೆಳೆಯಷ್ಟು, ಆ ಎಡತಿರುವಿನಲ್ಲಿ. ಆದರೆ ಅವಳನ್ನು ಬಿಟ್ಟುಕೊಡಲು ತನಗೆ ಮನಸ್ಸಿಲ್ಲ, ಈ ವರ್ಷ ಬದಲಿ ಚಾಲಕಿಯಾಗಿ ಇರಲಿ ಎಂದ. ಹುಡುಗನಿಗೆ ಜ್ವರ ಬಂದರೆ ಅವಳು ಓಡಿಸಬೇಕು. ಬಾರದಿದ್ದರೂ ಪ್ರತಿ ರೇಸಿಗೂ ಉಡುಪು ತೊಟ್ಟು ಹಾಜರಿರಬೇಕು. ಹೇಗೆ ಬರಲಿ, ನನಗೆ ಲೈಸೆನ್ಸಿಲ್ಲ, ಅಪ್ಪನಿಗೆ ಸೊಂಟವಿಲ್ಲ ಎಂದಳು ದಿಲೆತ್ತಾ. ಅದಕ್ಕೂ ವ್ಯವಸ್ಥೆಯಾಗಿದೆ ಎಂದು ತೆಸ್ಸಾದ್ರಿ ಸಮಾಧಾನ ಹೇಳಿದ.

ಫೆರ್ಮೊ ಜಾಕೆಟ್ಟು ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದ. ಅವನಿಗೆ ಸರಿಯಾಗಿ ಒಪ್ಪಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎಲಿಯೊ. ದನಿ ಇನ್ನೂ ನೆಲದ ಮಟ್ಟದಿಂದಲೇ ಬರುತ್ತಿತ್ತು.

"ಏನಾಯ್ತು ಮಗಳೇ? ಸೀಟು ಸಿಕ್ತಾ?"

ದಿಲೆತ್ತಾ ಫೆರ್ಮೊನ ಕೆಂಪು ಜಾಕೆಟ್ಟಿನ ಕಡೆ ನೋಡಿದಳು.

"ಸಿಕ್ತು ಅಪ್ಪಾ" ಎಂದಳು. "ಲಾರೀಲಿ. ಫೆರ್ಮೊ ಮಾಮನ ಪಕ್ಕ."