ಗುರುವಾರದಿಂದ ಆಡುತ್ತಲೇ ಇರುವ ಆಟಗಾರ್ತಿ

ಬನ್ನಿ, ಗೋಡೆಗೆ ಒರಗಿ ಆರಾಮಾಗಿ ಕೂತ್ಕೊಳ್ಳಿ. ಕಾಲು ಚಾಚಿದರೂ ಇಲ್ಲಿ ಬೈಯೋರಿಲ್ಲ. ನಾನು ಹೇಳುವುದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ, ನೋಟಿಸ್ ಬೋರ್ಡಿನಲ್ಲೇ ಬಂದಿದೆ.

ಒಂದು ಗುರುವಾರ ಬೆಳಗ್ಗೆ ಏಳು ಗಂಟೆಗೆ ನನ್ನ ಬಲಗೈ ತೋರುಬೆರಳು ಮುರಿಯಿತು. ಮುರಿದವರು ನನ್ನ ಬೀಗಿತ್ತಿ.

ಬೀಗಿತ್ತಿ ಅಂದರೆ ನನ್ನ ಮಗಳ ಅತ್ತೆ. ಅರವತ್ತು ದಾಟಿದ ಹೆಂಗಸರ ವಾಲಿಬಾಲ್ ತಂಡಕ್ಕೆ ಅವರೇ ಕ್ಯಾಪ್ಟನ್. ಆಡುವವರು ಆರು ಜನ, ನಾನು ಏಳನೆಯವಳು. ಮೂರು ವರ್ಷ ಬೆಂಚಿನ ಮೇಲೆ ಕೂತು ಐದು ಕನ್ನಡಕ, ಆರು ನೀರಿನ ಬಾಟಲಿ, ಒಂದು ಹಲ್ಲಿನ ಸೆಟ್ಟು ಕಾದಿದ್ದೇನೆ. ಒಂದೂ ಕಳೆದಿಲ್ಲ, ಅದು ನನ್ನ ಕ್ರೀಡಾ ಸಾಧನೆ. ಆ ವಾರ ಆರನೆಯವಳಿಗೆ ಕಣ್ಣಿನ ಆಪರೇಷನ್ ಆಯಿತು. ಭಾನುವಾರ ಫೈನಲ್.

"ಇನ್ನು ನಿಮ್ಮನ್ನೇ ಹಾಕ್ಕೋಬೇಕು ಬೀಗಿತ್ತಿ, ಬೇರೆ ದಾರಿಯೇ ಇಲ್ಲ" ಎಂದು ಅವರು ಪ್ರೀತಿಯಿಂದ ಹೇಳಿದರು.

ಅದನ್ನು ಕೇಳಿ ನಮ್ಮ ಯಜಮಾನರು, "ಹಾಗಾದ್ರೆ ನಾನೂ ಬರ್ತೀನಿ ನೋಡೋಕೆ" ಅಂದರು. ಮದುವೆಯಾಗಿ ನಲವತ್ತಾರು ವರ್ಷ. ನಾನು ಏನಾದರೂ ಮಾಡುವುದನ್ನು ಈ ಮನುಷ್ಯ ಕೂತು ನೋಡಿದ್ದರೆ ಅದು ಅಡುಗೆ ಒಂದೇ. ಅದೂ ತಡವಾದಾಗ. ಹಾಗಾಗಿ ಆ ಭಾನುವಾರ ನನಗೆ ಬೇಕೇ ಬೇಕಾಗಿತ್ತು.

ಗುರುವಾರದ ಅಭ್ಯಾಸದಲ್ಲಿ ಬೀಗಿತ್ತಿ ಎಗರಿ ಹೊಡೆದರು. ಚೆಂಡಿಗೆ ಅಡ್ಡ ಹತ್ತೂ ಬೆರಳು ಒಟ್ಟಿಗೆ ಎತ್ತಬೇಕಂತೆ. ನಾನು ಒಂದೇ ಎತ್ತಿದ್ದೆ, "ಒಂದ್ನಿಮಿಷ ತಾಳಿ, ಕೂದಲು ಕಣ್ಣಿಗೆ ಬಂತು" ಅನ್ನೋಕೆ.

"ಚೆಂಡಿಗೆ ಬೆರಳು ತೋರಿಸಿ ಬುದ್ಧಿ ಹೇಳೋಕೆ ಹೋಗ್ತಾರೇನ್ರೀ ಯಾರಾದ್ರೂ?" ಎಂದು ಬೈಯುತ್ತಲೇ ಬೀಗಿತ್ತಿ ನನ್ನನ್ನು ಆಂಬುಲೆನ್ಸಿಗೆ ಹತ್ತಿಸಿದರು. ಆಂಬುಲೆನ್ಸು ಕ್ರೀಡಾ ಸಂಘದ ಹಿಂದಿನ ಗೇಟಿನಿಂದ ಹೊರಟಿತು. ಈ ಗೇಟಿನ ವಿಷಯ ನೆನಪಿಟ್ಟುಕೊಳ್ಳಿ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಅಜ್ಜಿ, ಹೇಗಾಯ್ತು ಇದು?"

"ವಾಲಿಬಾಲ್ ಆಡ್ತಾ."

"ಮೊಮ್ಮಕ್ಕಳ ಜೊತೆಗಾ?"

"ಬೀಗಿತ್ತಿ ಜೊತೆಗೆ."

ಡಾಕ್ಟರು ಮುಂದೆ ಕೇಳಲಿಲ್ಲ. ಅವರಿಗೂ ಮದುವೆಯಾಗಿರಬೇಕು. ಬೆರಳಿಗೆ ಪಟ್ಟಿ ಹಾಕಿ, ಪುಟ್ಟ ದಿಂಬಿನ ಹಾಗೆ ಸುತ್ತಿ ಹೇಳಿದರು: "ಆರು ವಾರ ಬಿಚ್ಚೋ ಹಾಗಿಲ್ಲ. ಭಾನುವಾರ ಬೇಕಾದ್ರೆ ಹಿಂದಿನ ಮೂಲೇಲಿ ನಿಂತ್ಕೊಳ್ಳಿ. ಕೈ ಮಾತ್ರ ಎತ್ತಬೇಡಿ."

"ಅವರು ಯಾವಾಗ ಎತ್ತಿದ್ರು ಡಾಕ್ಟ್ರೇ, ನಮಗೆ ಒಪ್ಪಿಗೆ" ಎಂದರು ಬೀಗಿತ್ತಿ.

ಭಾನುವಾರ ಹೊಸ ಬೂಟು ಹಾಕಿಕೊಂಡು, ಯಜಮಾನರನ್ನು ಕರೆದುಕೊಂಡು ಕ್ರೀಡಾ ಸಂಘಕ್ಕೆ ಹೋದೆ. ಮುಂಬಾಗಿಲಲ್ಲಿ ಬೆರಳು ಒತ್ತುವ ಯಂತ್ರವಿದೆ. ಸದಸ್ಯರು ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಒಂದು ಸಲ ಬಲಗೈ ತೋರುಬೆರಳು ಒತ್ತಬೇಕು. ಪಕ್ಕದ ಕಿಟಕಿಯಲ್ಲಿ ಗುಮಾಸ್ತ.

"ಬೆರಳು ಮುರಿದಿದೆಯಪ್ಪ, ಹಾಗೇ ಬಿಡು" ಅಂದೆ.

ಅವನು ಪರದೆ ನೋಡಿದ. "ಬಿಡೋಕಾಗಲ್ಲ ಅಜ್ಜಿ. ನೀವು ಒಳಗಿದ್ದೀರಿ."

"ಇಲ್ಲೇ ನಿಂತಿದ್ದೀನಲ್ಲೋ."

"ಕಾಣಿಸ್ತಿದೀರಿ. ಆದ್ರೆ ಗುರುವಾರ ಬೆಳಗ್ಗೆ ಆರೂಕಾಲಿಗೆ ಒಳಗೆ ಹೋದೋರು ಇನ್ನೂ ಹೊರಗೆ ಬಂದಿಲ್ಲ. ಈಗ ಮತ್ತೆ ಬಿಟ್ರೆ ನೀವು ಇಬ್ಬರಾಗ್ತೀರಿ."

ಆಂಬುಲೆನ್ಸ್ ಗೇಟಿಗೆ ಯಂತ್ರವಿಲ್ಲ ನೋಡಿ.

"ಹಾಗಾದ್ರೆ ಹೊರಗೆ ಬಂದೆ ಅಂತ ಬರ್ಕೋ."

"ಅದಕ್ಕೆ ಬೆರಳು ಬೇಕು."

"ಎಡಗೈದು ಕೊಡ್ತೀನಿ."

"ಬೆರಳು ಬದಲಾವಣೆ ಅರ್ಜಿಗೆ ಹಳೇ ಬೆರಳಿನ ಗುರುತು ಒತ್ತಬೇಕು ಅಜ್ಜಿ. ಇಲ್ಲಾಂದ್ರೆ ಯಾರ ಬೆರಳನ್ನ ಯಾರು ಬೇಕಾದ್ರೂ ಬದಲಾಯಿಸಿಬಿಡ್ತಾರೆ."

ನ್ಯಾಯವಾದ ಮಾತು. ನಾನು ಓದಿದವಳಲ್ಲ, ಆದರೂ ನ್ಯಾಯ ಅರ್ಥವಾಗುತ್ತದೆ.

ಕಾರ್ಯದರ್ಶಿಗಳು ಬಂದರು. ನನ್ನನ್ನು ನೋಡಿದರು, ಪರದೆ ನೋಡಿದರು, ಪರದೆಯನ್ನು ನಂಬಿದರು. ಡಾಕ್ಟರ ಚೀಟಿ ಕೊಟ್ಟೆ. "ಇದು ಗುರುವಾರ ಎಂಟು ಗಂಟೆಗೆ ಆಸ್ಪತ್ರೇಲಿ ಕೊಟ್ಟಿದ್ದು. ಆ ಹೊತ್ತಿಗೆ ನಮ್ಮ ಆಟಗಾರ್ತಿ ಅಂಕಣದಲ್ಲಿದ್ರು. ಆದ್ದರಿಂದ ಈ ಬೆರಳು ಬೇರೆ ಯಾರದೋ" ಎಂದು ಚೀಟಿ ವಾಪಸ್ಸು ಕೊಟ್ಟರು. ನಾನೂ ಒಂದು ಗಳಿಗೆ ಬೆರಳನ್ನು ಅನುಮಾನದಿಂದ ನೋಡಿದೆ. ನೋವು ಮಾತ್ರ ನನಗೇ ಆಗುತ್ತಿತ್ತು.

ಹತ್ತು ನಿಮಿಷದಲ್ಲಿ ಬೋರ್ಡಿಗೆ ಪ್ರಕಟಣೆ ಬಿತ್ತು. ಯಜಮಾನರು ಓದಿ ಹೇಳಿದರು:

"ಈ ಮೂಲಕ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಸಂಘದ ಹಿರಿಯ ಆಟಗಾರ್ತಿಯೊಬ್ಬರು ಗುರುವಾರದಿಂದ ಅನ್ನ ನೀರು ನಿದ್ದೆಗಳ ಪರಿವೆಯಿಲ್ಲದೆ ನಿರಂತರ ಅಭ್ಯಾಸದಲ್ಲಿ ನಿರತರಾಗಿರುತ್ತಾರೆ. ಇತರರು ಇವರನ್ನು ಮಾದರಿಯಾಗಿ ಪರಿಗಣಿಸತಕ್ಕದ್ದು. ಸದರಿಯವರು ಈಗಾಗಲೇ ಅಂಕಣದೊಳಗೆ ಇರುವುದರಿಂದ ಅಂತಿಮ ಪಂದ್ಯದಲ್ಲಿ ಆಡುತ್ತಿರುವರೆಂದು ಭಾವಿಸತಕ್ಕದ್ದು."

ಪಂದ್ಯ ಶುರುವಾಯಿತು. ನಾವಿಬ್ಬರೂ ತಂತಿಬೇಲಿಯ ಆಚೆ ನಿಂತೆವು. ರೆಫ್ರಿ ತಲೆ ಎಣಿಸಿ, ಐದಕ್ಕೆ ಪಟ್ಟಿಯಲ್ಲಿದ್ದ ಒಂದನ್ನು ಕೂಡಿಸಿ, ಆರು ಸರಿಯಾಗಿದೆ ಎಂದು ಸೀಟಿ ಊದಿದರು.

"ನೀನೆಲ್ಲಿದೀಯ?" ಯಜಮಾನರು ಕೇಳಿದರು.

"ಅಗೋ, ಹಿಂದಿನ ಬಲಗಡೆ ಮೂಲೇಲಿ."

ಅವರು ಕನ್ನಡಕ ಒರೆಸಿಕೊಂಡು ಆ ಮೂಲೆಯನ್ನೇ ನೋಡುತ್ತ ನಿಂತರು.

ಎದುರು ತಂಡದವರಿಗೆ ಖಾಲಿ ಜಾಗ ಕಂಡು ಆಸೆ ಹುಟ್ಟಿತು. ಎಲ್ಲ ಚೆಂಡೂ ಅಲ್ಲಿಗೇ. ಆಸೆ ಜಾಸ್ತಿಯಾಗಿ ಹೊಡೆತ ಜೋರಾಯಿತು, ಚೆಂಡೆಲ್ಲ ಗೆರೆ ದಾಟಿ ಆಚೆ ಬಿತ್ತು. ಹೊರಗೆ ಹೋಗುವ ಚೆಂಡನ್ನು ಮುಟ್ಟದೆ ಬಿಡುವುದು ದೊಡ್ಡ ವಿದ್ಯೆ ಅಂತ ಬೀಗಿತ್ತಿ ನನಗೆ ಮೂರು ವರ್ಷ ಹೇಳಿದ್ದರು. ಅವತ್ತು ನಾನು ಒಂದನ್ನೂ ಮುಟ್ಟಲಿಲ್ಲ.

ಗೆದ್ದೆವು. ಒಂದೂ ತಪ್ಪು ಮಾಡದ ಆಟಗಾರ್ತಿ ಎಂಬ ಬಹುಮಾನದ ಕಪ್ಪು ನನಗೇ ಬಂತು.

"ನೀವು ಬಂದಿದ್ರೆ ಸೋಲ್ತಿದ್ವಿ" ಎಂದರು ಬೀಗಿತ್ತಿ, ಬೇಲಿಯ ಸಂದಿನಿಂದ ನನ್ನ ಎಡಗೈ ಹಿಡಿದು.

ಯಜಮಾನರು ಆ ಮೂಲೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು. ಆಮೇಲೆ, "ಚೆನ್ನಾಗಿ ಆಡಿದೆ ಕಣೇ" ಅಂದರು. ನಲವತ್ತಾರು ವರ್ಷಕ್ಕೆ ಅದು ಮೊದಲನೆಯ ಸಲ. ನಾನು ತಕರಾರು ಮಾಡಲಿಲ್ಲ.

ಆಮೇಲೆ ಏನಾಯಿತು ಅಂದರೆ, ಕಪ್ಪು ಪಡೆಯಲು ಬೆರಳು ಒತ್ತಬೇಕಾದ್ದರಿಂದ ಅದನ್ನು ನನ್ನ ಮೂಲೆಯಲ್ಲೇ ಇಟ್ಟಿದ್ದಾರೆ. ಕಾರ್ಯದರ್ಶಿಗಳು ನಿರಂತರ ಅಭ್ಯಾಸದ ಮೇಲೆ ಊರೂರಲ್ಲಿ ಭಾಷಣ ಮಾಡುತ್ತಾರೆ. ಗುಮಾಸ್ತನಿಗೆ ಬಡ್ತಿ ಸಿಕ್ಕಿ ಆಂಬುಲೆನ್ಸ್ ಗೇಟಿಗೂ ಒಂದು ಯಂತ್ರ ಬಂತು. ಪ್ರಜ್ಞೆ ತಪ್ಪಿದವರು ಎಚ್ಚರವಾದ ಮೇಲೆ ಒತ್ತಿ ಹೊರಡಬೇಕು. ಆರನೆಯವಳ ಕಣ್ಣು ಸರಿಹೋಯಿತು, ಆದರೆ ತಂಡದಲ್ಲಿ ಜಾಗವಿಲ್ಲ. ಬೆಂಚಿನ ಮೇಲೆ ಕೂತು ಹಲ್ಲಿನ ಸೆಟ್ಟು ಕಾಯುತ್ತಾಳೆ. ಬೀಗಿತ್ತಿ ಈಗಲೂ ಕ್ಯಾಪ್ಟನ್, ಆ ಖಾಲಿ ಮೂಲೆಯನ್ನು ಮಾತ್ರ ಬೈಯುವುದಿಲ್ಲ.

ನನ್ನ ಬೆರಳು ಆರು ವಾರಕ್ಕೆ ಕೂಡಿತು, ಕೊಂಚ ಸೊಟ್ಟಗೆ. ಯಂತ್ರಕ್ಕೆ ಗುರುತು ಹತ್ತಲಿಲ್ಲ. ದಿನಾ ಬೆಳಗ್ಗೆ ನಾವಿಬ್ಬರೂ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತೇವೆ, ನನ್ನ ಆಟ ನೋಡೋಕೆ. ನಾನೇ ಹೇಳಿಕೊಳ್ಳಬಾರದು, ದಿನದಿಂದ ದಿನಕ್ಕೆ ಸುಧಾರಿಸಿದ್ದೇನೆ.