ಚೀನಾದಿಂದ ತರಿಸಿದ ಪಕ್ಕದ ಮನೆಯ ಹುಡುಗಿ

ಮಕ್ಕಳನ್ನು ಬೆಳೆಸಲು ಏನೇನು ಬೇಕು ಎಂದು ಪಟ್ಟಿ ಮಾಡುವವರು ಹಾಲು, ಹಣ್ಣು, ಒಳ್ಳೆಯ ಶಾಲೆ ಎಂದೆಲ್ಲ ಬರೆದು ಬಹಳ ಮುಖ್ಯವಾದ ಒಂದನ್ನು ಮರೆತುಬಿಡುತ್ತಾರೆ. ಅದು ಪಕ್ಕದ ಮನೆಯ ಮಗು. ಮೈಸೂರಿನಲ್ಲಿ ನಾನು ಬೆಳೆದದ್ದೇ ಪಕ್ಕದ ಮನೆಯ ಶ್ರೀವತ್ಸನ ದೆಸೆಯಿಂದ. ಅವನು ಹೇಳಿಸಿಕೊಳ್ಳದೆ ಓದುತ್ತಿದ್ದ, ಹಾಗಲಕಾಯಿ ಪಲ್ಯವನ್ನು ಕೇಳಿ ಬಡಿಸಿಕೊಳ್ಳುತ್ತಿದ್ದ, ಕ್ಷೌರಕ್ಕೆ ಕೂರಿಸಿದರೆ ಅಳುತ್ತಿರಲಿಲ್ಲ. ನಮ್ಮಪ್ಪ ನನ್ನ ಹೆಸರಿಗಿಂತ ಹೆಚ್ಚು ಸಲ ಅವನ ಹೆಸರು ಹೇಳಿದ್ದಾರೆ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವನಿಲ್ಲದಿದ್ದರೆ ನಾನು ಬಿ.ಕಾಂ. ಮುಗಿಸುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈಗ ನಾವಿರುವುದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಟವರಿನ ಮೂವತ್ತೊಂದನೇ ಮಹಡಿಯಲ್ಲಿ. ಇಲ್ಲಿ ಪಕ್ಕದ ಮನೆ ಇದೆ, ಪಕ್ಕದ ಮನೆಯ ಮಗು ಇಲ್ಲ. ಎಡಗಡೆ ಒಂದು ಲೆಬನಾನಿ ದಂಪತಿ, ಅವರಿಗೊಂದು ಬೆಕ್ಕು. ಬೆಕ್ಕು ಶಿಸ್ತಿನದೇ, ಆದರೆ ಒಂಬತ್ತನೇ ಕ್ಲಾಸಿನ ಹುಡುಗಿಗೆ ಬೆಕ್ಕನ್ನು ತೋರಿಸಿ ಬುದ್ಧಿ ಹೇಳಲಾಗುವುದಿಲ್ಲ. ಬಲಗಡೆಯ ಫ್ಲ್ಯಾಟಿನವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಬಾಗಿಲ ಹೊರಗಿನ ಚಪ್ಪಲಿ ನೋಡಿ ಒಳಗೆ ಯಾರಿರಬಹುದೆಂದು ಊಹಿಸಿಕೊಳ್ಳಬೇಕು. ಹೀಗಾಗಿ ನಮ್ಮ ಮಗಳು ಅನ್ವಿತಾಳಿಗೆ ಪಕ್ಕದ ಮನೆಯ ಮಗುವನ್ನು ನಾನು ಚೀನಾದಿಂದ ತರಿಸಿಕೊಳ್ಳಬೇಕಾಯಿತು. ನಾನು ಕಂಪನಿಯ ಖರೀದಿ ವಿಭಾಗದಲ್ಲಿರುವವನು. ಊರಲ್ಲಿ ಸಿಗದ್ದನ್ನು ಚೀನಾದಿಂದ ತರಿಸುವುದೇ ನನ್ನ ಕಸುಬು.

ಅವಳ ಹೆಸರು ಡೆಂಗ್ ಪೇಲಿನ್. ಮೊದಲ ನಾಲ್ಕು ತಿಂಗಳು ನಾನು ಅವಳನ್ನು ಬರೀ ಡೆಂಗ್ ಎನ್ನುತ್ತಿದ್ದೆ. ಚೀನಾದಲ್ಲಿ ಮನೆತನದ ಹೆಸರು ಮೊದಲು ಬರುತ್ತದೆಂದು ಅನ್ವಿತಾಳೇ ತಿದ್ದಿದಳು. ಎರಡು ವರ್ಷದ ಹಿಂದೆ ಇಲ್ಲಿನ ಟೆನಿಸ್ ಪಂದ್ಯಾವಳಿಯ ಅರ್ಹತಾ ಸುತ್ತಿಗೆ ಪ್ರವೇಶ ಉಚಿತ ಎಂದು ತಿಳಿದು ಹೋಗಿದ್ದೆ. ಮೂಲೆಯ ಕೋರ್ಟಿನಲ್ಲಿ ಹತ್ತೊಂಬತ್ತರ ಈ ಹುಡುಗಿ ಆಡುತ್ತಿದ್ದಳು. ನೋಡುತ್ತಿದ್ದವರು ಎಂಟು ಜನ, ಅದರಲ್ಲಿ ಇಬ್ಬರು ನೆರಳಿಗೆ ಬಂದವರು. ಸೋಲುವ ಹಂತದಿಂದ ಎದ್ದು ಗೆದ್ದಳು. ಗೆದ್ದ ಮೇಲೆ ಕುಣಿಯಲಿಲ್ಲ, ಕೂಗಲಿಲ್ಲ, ತನ್ನ ಬ್ಯಾಗನ್ನು ತಾನೇ ಹೊತ್ತುಕೊಂಡು ನಡೆದಳು. ನನಗೆ ಕಣ್ಣಲ್ಲಿ ನೀರೇ ಬಂತು. ಶ್ರೀವತ್ಸ ಮತ್ತೆ ಹುಟ್ಟಿ ಬಂದಂತಾಯಿತು.

ಅಂದಿನಿಂದ ಅವಳ ವೃತ್ತಿಜೀವನವನ್ನು ಅವಳಿಗಿಂತ ಹೆಚ್ಚು ಆತಂಕದಿಂದ ನಾನು ನಡೆಸಿದ್ದೇನೆ. ಹೆಸರೇ ಕೇಳದ ಊರುಗಳಲ್ಲಿ ಅವಳು ಆಡುವ ಸಣ್ಣ ಪಂದ್ಯಗಳ ಸ್ಕೋರನ್ನು ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ನೋಡುತ್ತಿದ್ದೆ. ಅವಳ ಮಣಿಕಟ್ಟು ನೊಂದು ತಿಂಗಳುಗಟ್ಟಲೆ ಆಟ ನಿಂತಾಗ ನಾನೂ ಸರಿಯಾಗಿ ಊಟ ಮಾಡಲಿಲ್ಲ. ವಾಪಸು ಬಂದು ಒಬ್ಬ ದೊಡ್ಡ ಆಟಗಾರ್ತಿಯನ್ನು ಸೋಲಿಸಿದ ದಿನ, ಹುಡುಗಿಗೆ ದೃಷ್ಟಿಯಾದೀತೆಂದು ನನ್ನ ಹೆಂಡತಿ ವಸುಧಾಳ ಕೈಯಲ್ಲಿ ಫೋನಿನ ಪರದೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿಸಿದೆ. ಘಾಟಿಗೆ ಹೊಗೆಯ ಅಲಾರಂ ಬಡಿದುಕೊಂಡು ಕೆಳಗಿನಿಂದ ಸೆಕ್ಯೂರಿಟಿಯವರು ಓಡಿ ಬಂದರು. “ಕ್ಯಾ ಹುವಾ ಸರ್?” ಎಂದರೆ ಏನು ಹೇಳಲಿ? ಚೀನಾದ ಹುಡುಗಿಗೆ ಮೈಸೂರಿನ ದೃಷ್ಟಿ ತೆಗೆಯುತ್ತಿದ್ದೇವೆ ಎನ್ನಲೇ? ಒಗ್ಗರಣೆ ಎಂದೆ. “ಇವರಿಗೆ ಇನ್ನೊಬ್ಬಳು ಮಗಳಿದಾಳೆ, ಬೀಜಿಂಗ್ ಕಡೆ” ಎಂದು ವಸುಧಾ ಆಮೇಲೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕಳು.

ಅನ್ವಿತಾ ಮಾತ್ರ ನಗಲಿಲ್ಲ. ಅವಳನ್ನೂ ನಾನು ಟೆನಿಸ್ ತರಬೇತಿಗೆ ಸೇರಿಸಿದ್ದೆ. ಬಿಸಿಲೇರುವ ಮೊದಲು ಮುಗಿಯಬೇಕೆಂದು ಶನಿವಾರ ಬೆಳಿಗ್ಗೆ ಆರಕ್ಕೇ ಕೋರ್ಟಿನಲ್ಲಿರಬೇಕು. ಹೊರಡುವಾಗ ಪೇಲಿನ್, ಕಾರಿನಲ್ಲಿ ಪೇಲಿನ್, ತಿಂಡಿ ಬಿಟ್ಟರೆ ಪೇಲಿನ್. “ಆ ಹುಡುಗಿ ಆರನೇ ವಯಸ್ಸಿಗೆ ಕ್ರೀಡಾಶಾಲೆ ಸೇರಿದಳು. ನಿನಗೆ ಶೂ ಲೇಸ್ ಕಟ್ಟೋಕೆ ಹತ್ತು ನಿಮಿಷ!” ಹೀಗಿರುವಾಗ ಈ ಫೆಬ್ರವರಿಯಲ್ಲಿ ಕೋಚ್ ಒಂದು ಫಾರ್ಮ್ ಕೊಟ್ಟರು. ಸ್ಪರ್ಧೆಗಳಿಗೆ ಹೋಗುವ ತಂಡಕ್ಕೆ ಸೇರುವವರು ಸೋಮವಾರದೊಳಗೆ ಸಹಿ ಮಾಡಿ ಕೊಡಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ನಾನು ಪೆನ್ನು ತೆಗೆಯುವಷ್ಟರಲ್ಲಿ ಅನ್ವಿತಾ, “ಅಪ್ಪಾ, ಐ ವಾಂಟ್ ಟು ಸ್ಟಾಪ್. ಟೆನಿಸ್ ಬೇಡ ನಂಗೆ” ಎಂದಳು.

“ಮತ್ತೇನು ಬೇಕು?”

“ಶನಿವಾರ.”

“ಶನಿವಾರ ಏನು ಮಾಡ್ತೀಯ?”

“ನಥಿಂಗ್. ನಿದ್ದೆ ಮಾಡ್ತೀನಿ.”

ಏನೂ ಮಾಡದೆ ಇರಬೇಕೆಂದು ನಮ್ಮ ವಂಶದಲ್ಲಿ ಬಾಯಿಬಿಟ್ಟು ಕೇಳಿದವರು ಇವಳೇ ಮೊದಲು. ನಾವೆಲ್ಲ ಹೇಳದೆ ಮಾಡಿದವರು. ನನಗೆ ನಿಜಕ್ಕೂ ದುಃಖವಾಯಿತು. ಕಡೆಗೆ ಒಂದು ಒಪ್ಪಂದವಾಯಿತು. ಪೇಲಿನ್ ಆ ವಾರ ಅಬುಧಾಬಿಯಲ್ಲೇ ಆಡುತ್ತಿದ್ದಳು. ಭಾನುವಾರ ಒಂದು ಪಂದ್ಯ ನನ್ನ ಜೊತೆ ನೋಡಬೇಕು, ಆಮೇಲೂ ಬೇಡವೆಂದರೆ ಬೇಡ. ಕಣ್ಣಾರೆ ಕಂಡರೆ ಮಗಳು ಮನಸ್ಸು ಬದಲಾಯಿಸುತ್ತಾಳೆಂದು ನನಗೆ ಖಾತ್ರಿಯಿತ್ತು. ಅವಳು ಹಟಕ್ಕೆ ಲೆಕ್ಕದ ಪುಸ್ತಕ ಹಿಡಿದುಕೊಂಡು ಹೊರಟಳು.

ಕೋರ್ಟಿನ ಪಕ್ಕದ ಬೆಂಚಿನಲ್ಲಿ ನಮ್ಮ ಜೊತೆ ನನ್ನ ವಯಸ್ಸಿನ ಒಬ್ಬ ಚೀನೀ ಗೃಹಸ್ಥರು ಕೂತಿದ್ದರು. ಪೇಲಿನ್ ತಪ್ಪು ಮಾಡಿದಾಗಲೆಲ್ಲ ನಾನು ‘ತ್ಚು’ ಎಂದರೆ ಅವರೂ ‘ತ್ಚು’ ಎನ್ನುತ್ತಿದ್ದರು. ಮೊದಲ ಸೆಟ್ ಅವಳು ಗೆದ್ದಾಗ ಇಬ್ಬರೂ ಕೈಕುಲುಕಿದೆವು. “ಮೈ ಡಾಟರ್” ಎಂದರು. ನನಗೆ ಕಾಲಿಗೆ ಬೀಳಬೇಕೆನ್ನಿಸಿತು. ಇಂಥ ಮಗಳನ್ನು ಹೇಗೆ ಬೆಳೆಸಿದಿರಿ ಎಂದು ಕೇಳಲು ಇಂಗ್ಲಿಷ್ ಜೋಡಿಸಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವರೇ ಬಗ್ಗಿ ಅನ್ವಿತಾಳನ್ನು ನೋಡಿದರು. ಅವಳು ಆಟದ ಕಡೆ ಬೆನ್ನು ಹಾಕಿ ಬೇಕೆಂದೇ ಲೆಕ್ಕ ಮಾಡುತ್ತಿದ್ದಳು.

“ಯುವರ್ ಡಾಟರ್? ಮ್ಯಾಥ್ಸ್? ಹಿಯರ್ ಆಲ್ಸೋ?”

“ಆಲ್ವೇಸ್” ಎಂದುಬಿಟ್ಟೆ. ನಾಲಿಗೆ ತಾನೇ ಹೊರಳಿತು. ಎಷ್ಟು ಅಂಕ ಎಂದು ಕೇಳಿದರು. ನಾಲ್ಕೈದು ಸೇರಿಸಿ ಹೇಳಿದೆ. ಅವರು ಹೊಟ್ಟೆಯೊಳಗಿಂದ ಒಂದು ನಿಟ್ಟುಸಿರು ಬಿಟ್ಟರು. ಆಮೇಲೆ ಅವರು ಆಟ ನೋಡಿದ್ದಕ್ಕಿಂತ ನನ್ನ ಮಗಳ ನೋಟ್‌ಬುಕ್ ನೋಡಿದ್ದೇ ಹೆಚ್ಚು.

ಪೇಲಿನ್ ಸೋತಳು. ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಕಣ್ಣು ಕೆಂಪಾಗಿಸಿಕೊಂಡು ಬೇಲಿಯ ಹತ್ತಿರ ಬಂದಳು. ಅಪ್ಪ ಶುರು ಮಾಡಿದರು. ನನಗೆ ಚೀನೀ ಭಾಷೆ ಒಂದಕ್ಷರ ಬಾರದು, ಆದರೂ ಆ ಮಾತು ಪೂರ್ತಿ ಅರ್ಥವಾಯಿತು. ಆ ರಾಗ ನನ್ನದೇ. ನಡುನಡುವೆ ಅವರ ಬೆರಳು ಅನ್ವಿತಾಳ ಲೆಕ್ಕದ ಪುಸ್ತಕದ ಕಡೆಗೆ ಹೋಗುತ್ತಿತ್ತು. ಪೇಲಿನ್ ಬೆರಳು ಹೋದ ದಿಕ್ಕಿಗೆ ನೋಡಿದಳು. ಅನ್ವಿತಾ ಪುಸ್ತಕವನ್ನು ಮೆಲ್ಲಗೆ ಬೆನ್ನ ಹಿಂದೆ ಸೇರಿಸಿ “ಸಾರಿ” ಎಂದಳು. ಪೇಲಿನ್ ಅಳುವಿನ ಮಧ್ಯೆಯೇ ಫಕ್ಕನೆ ನಕ್ಕಳು. ರ್‍ಯಾಕೆಟ್ಟಿನಿಂದ ನನ್ನನ್ನು ತೋರಿಸಿ, “ಇವರೂ ಹೀಗೇನಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ದಿನಾ. ಅದೂ ನಿನ್ನ ಹೆಸರು ಹೇಳ್ಕೊಂಡು” ಎಂದಳು ಅನ್ವಿತಾ.

ಇಬ್ಬರೂ ಬೇಲಿಯ ಆಚೆ ಈಚೆ ನಿಂತು ನಕ್ಕ ನಗು ನನ್ನ ಎದೆಗೆ ನಾಟಿತು. ನನ್ನ ಮಗಳು ಟೆನಿಸ್ ಕೋರ್ಟಿನಲ್ಲಿ ಹಾಗೆ ನಕ್ಕದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅಪ್ಪಂದಿರಿಬ್ಬರೂ ಏನು ಮಾಡಬೇಕೆಂದು ತೋಚದೆ ಪರಸ್ಪರ ಫೋನ್ ನಂಬರ್ ತೆಗೆದುಕೊಂಡೆವು.

ಸೋಮವಾರ ಫಾರ್ಮನ್ನು ಖಾಲಿಯಾಗಿಯೇ ವಾಪಸು ಕೊಟ್ಟೆ. ಶನಿವಾರ ಅನ್ವಿತಾ ಹನ್ನೊಂದಾದರೂ ಎದ್ದಿರಲಿಲ್ಲ. “ಮಾತಾಡಿಸ್ಬೇಡಿ ರೀ, ಮಲಗಲಿ” ಎಂದಳು ವಸುಧಾ. ನಾನೂ ದೊಡ್ಡ ಮನಸ್ಸಿನ ತಂದೆಯಂತೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಆಗ ಪೇಲಿನ್ ತಂದೆಯ ಮೆಸೇಜು ಬಂತು. “ಹಲೋ ಫ್ರೆಂಡ್. ಯುವರ್ ಡಾಟರ್ ನೌ ವಾಟ್ ಡೂಯಿಂಗ್?”

ಮಗಳ ಕೋಣೆಯ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಬಂದು, “ಸ್ಟಡಿಯಿಂಗ್ ಸಿನ್ಸ್ ಫೈವ್” ಎಂದು ಉತ್ತರ ಕಳಿಸಿದೆ. ಮುಂದಿನ ಶನಿವಾರವೂ ಕೇಳಿದರು. ಅಂದು ನಾಲ್ಕಕ್ಕೇ ಎಬ್ಬಿಸಿದೆ, ಮೆಸೇಜಿನಲ್ಲಿ. ಅನ್ವಿತಾ ಈಗ ಭೌತಶಾಸ್ತ್ರವನ್ನೂ ಮುಗಿಸುವ ಹಂತದಲ್ಲಿದ್ದಾಳೆ, ತರಕಾರಿಯನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ. ಇಷ್ಟು ಒಳ್ಳೆಯ ಮಗಳು ನನಗೆ ಹಿಂದೆ ಎಂದೂ ಇರಲಿಲ್ಲ.

ಮೊನ್ನೆ ಅದೇ ನಂಬರಿನಿಂದ ಇನ್ನೊಂದು ಮೆಸೇಜು ಬಂತು, ಈ ಸಲ ತಪ್ಪಿಲ್ಲದ ಇಂಗ್ಲಿಷಿನಲ್ಲಿ: “ಅಂಕಲ್, ನಾನು ಪೇಲಿನ್. ಅಪ್ಪನ ಫೋನಿನಿಂದ ಬರೆಯುತ್ತಿದ್ದೇನೆ. ಈ ಶನಿವಾರ ನನಗೆ ಪಂದ್ಯವಿದೆ. ಅಪ್ಪ ಕೇಳಿದರೆ ದಯವಿಟ್ಟು ನಿಮ್ಮ ಮಗಳು ಮಲಗಿದ್ದಾಳೆ ಎಂದು ಹೇಳಿ.”

ಎರಡು ದಿನವಾಯಿತು. ಬರೆಯುತ್ತೇನೆ, ಅಳಿಸುತ್ತೇನೆ. ಪಾಪದ ಹುಡುಗಿ, ಹೇಳಿಬಿಡಬಹುದು. ಆದರೆ ಅಷ್ಟು ದೂರದ ದೇಶದಲ್ಲಿ ನನ್ನ ಮಗಳಿಗೆ ಬಂದಿರುವ ಹೆಸರನ್ನು ನನ್ನ ಕೈಯಾರೆ ಹೇಗೆ ಕೆಡಿಸಲಿ, ನೀವೇ ಹೇಳಿ.